ನನಗಾಗಿ ನಿಲ್ಲಬೇಡಿ

ಭಾನುವಾರ ಬೆಳಗಿನ ಸೈಕಲ್ ಸವಾರಿಯಲ್ಲಿ ನನಗೊಂದು ಕಾಯಂ ಹುದ್ದೆ ಇತ್ತು. ಸಾಲಿನ ಕಟ್ಟಕಡೆಯಲ್ಲಿದ್ದುಕೊಂಡು "ಆಖ್ರಿ!" ಎಂದು ಕೂಗುವುದು.

ಗೊತ್ತಿಲ್ಲದವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಕ್ಲಬ್ಬಿನ ವೇಗದ ಗುಂಪು ಒಬ್ಬರ ಹಿಂದೊಬ್ಬರಂತೆ ಒಂದೇ ಸಾಲಿನಲ್ಲಿ ಓಡುತ್ತದೆ. ಒಬ್ಬರ ಹಿಂದಿನ ಚಕ್ರಕ್ಕೂ ಇನ್ನೊಬ್ಬರ ಮುಂದಿನ ಚಕ್ರಕ್ಕೂ ನಡುವೆ ಒಂದು ಮೊಳದಷ್ಟು ಜಾಗ ಇದ್ದರೆ ಹೆಚ್ಚು. ಎಲ್ಲರಿಗಿಂತ ಮುಂದಿರುವವನು ಗಾಳಿ ಸೀಳುತ್ತಾನೆ. ಅವನ ಬೆನ್ನ ಮರೆಯಲ್ಲಿ ಉಳಿದವರು ಕಡಿಮೆ ಕಷ್ಟಕ್ಕೆ ಅದೇ ವೇಗದಲ್ಲಿ ಸಾಗುತ್ತಾರೆ. ಒಂದೆರಡು ನಿಮಿಷ ಎಳೆದ ಮೇಲೆ ಅವನು ಪಕ್ಕಕ್ಕೆ ಸರಿದು, ಸಾಲನ್ನು ಮುಂದಕ್ಕೆ ಬಿಟ್ಟು, ಬಾಲಕ್ಕೆ ಬಂದು ಸೇರಿಕೊಳ್ಳುತ್ತಾನೆ. ಆ ಹೊತ್ತಿಗೆ ಅವನ ಉಸಿರು ಕಿತ್ತು ಬರುತ್ತಿರುತ್ತದೆ, ಸಾಲು ಎಲ್ಲಿ ಮುಗಿಯಿತೆಂದು ತಿರುಗಿ ನೋಡುವ ಚೈತನ್ಯ ಇರುವುದಿಲ್ಲ. ಅದಕ್ಕೇ ಕಡೆಯಲ್ಲಿರುವವರು "ಆಖ್ರಿ" ಎಂದು ಕೂಗಿ ಹೇಳಬೇಕು. ಕೊನೆಯವನು ನಾನೇ, ಇನ್ನು ಸೇರಿಕೋ ಎಂದು ಅದರ ಅರ್ಥ. ಹೀಗೆ ಸಾಲು ತಿರುಗುತ್ತಲೇ ಇರುತ್ತದೆ, ಆಖ್ರಿ ಎನ್ನುವವರೂ ಬದಲಾಗುತ್ತಲೇ ಇರುತ್ತಾರೆ.

ನಾನು ಮಾತ್ರ ಬದಲಾಗುತ್ತಿರಲಿಲ್ಲ. ಕ್ಯಾಪ್ಟನ್ ಮೊದಲ ದಿನವೇ ಹೇಳಿಬಿಟ್ಟಿದ್ದ.

"ಆಂಟಿ, ನೀವು ಆರಾಮ ಹಿಂದ ಇರ್ರಿ. ಮುಂದ ಬಂದು ಎಳಿಯೋ ತ್ರಾಸ ತಗೋಬ್ಯಾಡ್ರಿ. ಎಳದು ಬಂದವ್ರು ನಿಮ್ಮ ಮುಂದ ಸೇರ್ಕೊಂತಾರ. ನೀವು ಬರೇ ಆಖ್ರಿ ಅಂತ ಹೇಳ್ರಿ, ಸಾಕು."

ಅವನು ವಿಜಯಪುರದ ಕಡೆಯ ಹುಡುಗ, ಐಟಿ ಕೆಲಸಕ್ಕೆಂದು ಹೈದರಾಬಾದಿಗೆ ಬಂದವನು, ಮೂವತ್ತರ ಆಸುಪಾಸು. ಗುಂಪಿನಲ್ಲಿ ಕನ್ನಡದವರು ನಾವಿಬ್ಬರೇ. ಉಳಿದ ಹತ್ತು ಹನ್ನೆರಡು ಮಂದಿ ತೆಲುಗಿನಲ್ಲೋ ಹಿಂದಿಯಲ್ಲೋ ಮಾತಾಡುತ್ತಿದ್ದರು. ತನ್ನ ಊರಿನ ಮಾತು ಆಡುವ ಹಿರಿಯಳೊಬ್ಬಳು ಸಿಕ್ಕಳೆಂದು ಅವನು ಮಾಡಿದ ಉಪಚಾರ ಅದು. ನಾನೂ ಮೊದಲಿಗೆ ಖುಷಿಪಟ್ಟೆ. ಮದುವೆ ಮನೆಯಲ್ಲಿ ಹಿರಿಯರನ್ನು ಕೆಲಸಕ್ಕೆ ಕರೆಯದೆ ಗೋಡೆ ಬದಿಯ ಕುರ್ಚಿಯಲ್ಲಿ ಕೂರಿಸುವ ಹಾಗೆ ನನ್ನನ್ನು ಕೂರಿಸಿದ್ದಾನೆ ಎಂಬುದು ಹೊಳೆಯಲು ನಾಲ್ಕು ತಿಂಗಳು ಬೇಕಾಯಿತು.

ಕುರ್ಚಿಯ ಮಾತು ಬಂತು, ಅಲ್ಲಿಂದಲೇ ಹೇಳುತ್ತೇನೆ. ನಾನು ಕೋಠಿ ಕಡೆಯ ಒಂದು ಸರಕಾರಿ ಜೂನಿಯರ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ನಮ್ಮಜ್ಜ ಬೀದರದಿಂದ ಇಲ್ಲಿಗೆ ಕಾರಕೂನಿಕೆಗೆ ಬಂದವರು, ಆಮೇಲೆ ಮನೆಯಲ್ಲಿ ಎಲ್ಲರೂ ಸರಕಾರಿ ನೌಕರರೇ. ಮನೆಯಲ್ಲಿ ಕನ್ನಡ, ತರಗತಿಯಲ್ಲಿ ತೆಲುಗು, ಬಸ್ಸಿನಲ್ಲಿ ಹಿಂದಿ. ನಮ್ಮ ಲ್ಯಾಬು ಎರಡನೇ ಮಹಡಿಯಲ್ಲಿದೆ. ನಲವತ್ತೆಂಟರ ವಯಸ್ಸಿನಲ್ಲಿ ಒಂದು ದಿನ ಮೆಟ್ಟಿಲು ಹತ್ತಿ ಹೋಗಿ ಬೋರ್ಡಿನ ಮುಂದೆ ನಿಂತು "ಘರ್ಷಣೆ ಎಂದರೆ" ಎಂದು ಶುರುಮಾಡಿದೆ. ವಾಕ್ಯ ಮುಗಿಸಲು ಉಸಿರು ಸಾಲಲಿಲ್ಲ. ಮೊದಲ ಬೆಂಚಿನ ಹುಡುಗಿ ಎದ್ದು ಒಂದು ಸ್ಟೂಲು ತಂದಿಟ್ಟು "ಕೂರ್ಚೋಂಡಿ ಮೇಡಂ" ಎಂದಳು. ಕೂತುಕೊಳ್ಳಿ ಎಂದು. ತರಗತಿ ನಕ್ಕಿದ್ದರೆ ನಾನು ಬೈದು ಸುಮ್ಮನಾಗುತ್ತಿದ್ದೆ. ಯಾರೂ ನಗಲಿಲ್ಲ. ಅರವತ್ತು ಮಕ್ಕಳು ಕನಿಕರದಿಂದ ನೋಡಿದರು. ನನಗೆ ಮೈಯೆಲ್ಲ ಉರಿದುಹೋಯಿತು. ಆ ಸ್ಟೂಲಿನ ಮೇಲೆ ನಾನು ಕೂರಲಿಲ್ಲ, ಪೂರ್ತಿ ಗಂಟೆ ನಿಂತೇ ಪಾಠ ಮಾಡಿದೆ.

ವೈದ್ಯರ ಬಳಿ ಹೋದರೆ ದಿನಾ ಪಾರ್ಕಿನಲ್ಲಿ ವಾಕಿಂಗ್ ಮಾಡಿ ಎಂದರು. ಕೂಕಟ್‌ಪಲ್ಲಿಯ ನಮ್ಮ ಪಾರ್ಕಿನಲ್ಲಿ ಒಂದು ವಾರ ಸುತ್ತಿದೆ. ಅಲ್ಲಿ ಕಾಲಿಗಿಂತ ಬಾಯಿಗೆ ವ್ಯಾಯಾಮ ಜಾಸ್ತಿ. ನಮ್ಮದೇ ಅಪಾರ್ಟ್‌ಮೆಂಟಿನಲ್ಲಿ ಒಬ್ಬರು ಕೊರೋನಾ ಕಾಲದಲ್ಲಿ ಉತ್ಸಾಹದಿಂದ ಕೊಂಡ ರೇಸಿಂಗ್ ಸೈಕಲ್ಲನ್ನು ಬಾಲ್ಕನಿಯಲ್ಲಿಟ್ಟು ಅದರ ಮೇಲೆ ಟವೆಲ್ಲು ಒಣಗಿಸುತ್ತಿದ್ದರು. ಅದನ್ನು ಕೇಳಿ ತೆಗೆದುಕೊಂಡೆ. ಎರಡು ವರ್ಷ ಕ್ಲಬ್ಬಿನ ನಿಧಾನದ ಗುಂಪಿನಲ್ಲಿ ಓಡಿಸಿದೆ. ಆ ಗುಂಪು ಹತ್ತು ನಿಮಿಷಕ್ಕೊಮ್ಮೆ ಫೋಟೋ ತೆಗೆಸಿಕೊಳ್ಳಲು ನಿಲ್ಲುತ್ತದೆ. ಬೆವರು ಬರುವ ಮೊದಲೇ ಚಹಾ ಬರುತ್ತದೆ. ನನಗೆ ಬೇಕಾಗಿದ್ದದ್ದು ಎದೆಯ ತಾಕತ್ತು. ಅದು ಫೋಟೋದಲ್ಲಿ ಸಿಗುವುದಿಲ್ಲ, ನನಗಿಂತ ಗಟ್ಟಿಗರ ಹಿಂದೆ ಬಿದ್ದು ಓಡಿದರೆ ಮಾತ್ರ ಸಿಗುತ್ತದೆ ಎಂದು ಗೊತ್ತಿತ್ತು. ಐವತ್ತು ತುಂಬಿದ ಮೇಲೆ ವೇಗದ ಗುಂಪಿಗೆ ಹೋಗಿ ನಿಂತೆ.

ಭಾನುವಾರ ಐದೂವರೆಗೆ ನಾರ್ಸಿಂಗಿಯಲ್ಲಿ ಸೇರುವುದು, ರಿಂಗ್ ರೋಡಿನ ಪಕ್ಕದ ಸರ್ವಿಸ್ ರಸ್ತೆ ಹಿಡಿದು ಶಂಶಾಬಾದಿನವರೆಗೆ ಹೋಗುವುದು, ಅಲ್ಲಿ ಚಕ್ರ ತಿರುಗಿಸಿ ನಿಲ್ಲದೆ ವಾಪಸು ಬರುವುದು. ಕೊನೆಗೆ ನಾರ್ಸಿಂಗಿಯ ಟಿಫಿನ್ ಬಂಡಿಯ ಮುಂದೆ ಇಡ್ಲಿ. ಹುಡುಗರು ಕಾರಿನ ಹಿಂದೆ ಸೈಕಲ್ ಕಟ್ಟಿಕೊಂಡು ಬರುತ್ತಿದ್ದರು. ನಾನು ಕೂಕಟ್‌ಪಲ್ಲಿಯಿಂದ ಅಲ್ಲಿಗೆ ತುಳಿದುಕೊಂಡೇ ಹೋಗುತ್ತಿದ್ದೆ, ಅದೇ ಒಂದು ಗಂಟೆ. ಹಾಗಾಗಿ ಅವರ ಸವಾರಿ ಶುರುವಾಗುವ ಹೊತ್ತಿಗೆ ನನ್ನದು ಅರ್ಧ ಆಗಿರುತ್ತಿತ್ತು. ಇದನ್ನು ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಅದಕ್ಕೂ ಒಂದು ಕನಿಕರ ಹುಟ್ಟಿಕೊಳ್ಳುತ್ತಿತ್ತು.

ಪ್ರತಿ ವಾರವೂ ಒಂದೇ ಕಥೆ. ಮೊದಲ ಜಂಕ್ಷನ್ನಿನವರೆಗೆ ಸಾಲಿನ ಬಾಲದಲ್ಲಿ ಆಖ್ರಿ ಆಖ್ರಿ ಎನ್ನುತ್ತ ಇರುತ್ತಿದ್ದೆ. ಆಮೇಲೆ ನನಗೂ ಮುಂದಿನ ಚಕ್ರಕ್ಕೂ ನಡುವೆ ಒಂದು ಗೇಣು, ಒಂದು ಮಾರು, ಹತ್ತು ಮಾರು. ಅಷ್ಟಾದರೆ ಮುಗಿಯಿತು. ಮುಂದಿನ ಜಂಕ್ಷನ್ನಿನಲ್ಲಿ ಎಲ್ಲರೂ ಕಾಲು ಊರಿ ನನಗಾಗಿ ಕಾಯುತ್ತಿದ್ದರು. ನೀರು ಕುಡಿದು, ಬಾಳೆಹಣ್ಣು ತಿಂದು, ಬೆನ್ನು ನೆಟ್ಟಗೆ ಮಾಡಿಕೊಂಡು ಕಾಯುತ್ತಿದ್ದರು. ನಾನು ನಾಲಿಗೆ ಹೊರಚಾಚಿ ಬಂದು ತಲುಪುತ್ತಿದ್ದ ಹಾಗೆ "ಆಂಟಿ ಆ ಗಯೇ, ಚಲೋ!" ಎಂದು ಹೊರಟುಬಿಡುತ್ತಿದ್ದರು. ಕಾದವರಿಗೆಲ್ಲ ವಿಶ್ರಾಂತಿ. ಯಾರಿಗಾಗಿ ಕಾದರೋ ಅವಳಿಗೆ ಒಂದು ಗುಟುಕು ನೀರಿಗೂ ಬಿಡುವಿಲ್ಲ. ಇಂಥ ಉಪಕಾರ ಶತ್ರುಗಳಿಗೂ ಬೇಡ.

ಕೊನೆಗೆ ಬಂಡಿಯ ಹತ್ತಿರ ಬಂದಿಳಿದರೆ ಚಪ್ಪಾಳೆ. ಹೌದು, ಚಪ್ಪಾಳೆ ತಟ್ಟುತ್ತಿದ್ದರು. ನನಗೆಂದು ಎತ್ತಿಟ್ಟ ಇಡ್ಲಿಯ ತಟ್ಟೆ ಕೈಗೆ ಬರುತ್ತಿತ್ತು. ಮಧ್ಯಾಹ್ನ ವಾಟ್ಸಾಪಿನಲ್ಲಿ ನನ್ನ ಬೆವರಿನ ಮುಖದ ಫೋಟೋ, ಅದರ ಕೆಳಗೆ ತೋಳೇರಿಸಿದ ಚಿತ್ರಗಳು, "ಆಂಟಿ ಪವರ್" ಎಂಬ ಒಕ್ಕಣೆ. ಮೂರು ವರ್ಷದ ಮಗು ಮೊದಲ ಸಲ ತಾನೇ ಚಡ್ಡಿ ಹಾಕಿಕೊಂಡರೆ ಹೀಗೆಯೇ ಚಪ್ಪಾಳೆ ತಟ್ಟುತ್ತಾರೆ.

ಆದರೂ ತಪ್ಪು ನನ್ನ ಕಾಲಿನದೇ ಎಂದು ಬಹಳ ದಿನ ನಂಬಿದ್ದೆ. ನಂಬಿಕೆ ಮುರಿದದ್ದು ಒಂದು ಸೋಮವಾರ. ನಮ್ಮ ಗುಂಪಿನಲ್ಲಿ ಮೂಳೆ ಡಾಕ್ಟರೊಬ್ಬರಿದ್ದಾರೆ, ಮಾತು ಕಡಿಮೆ, ನನಗಿಂತ ನಾಲ್ಕೈದು ವರ್ಷ ಚಿಕ್ಕವರು. ಅವರ ಸವಾರಿಯ ವೇಗದ ದಾಖಲೆಯನ್ನು ಫೋನಿನಲ್ಲಿ ತರಿಸಿಕೊಂಡು ನನ್ನದರ ಪಕ್ಕದಲ್ಲಿಟ್ಟು ನೋಡಿದೆ. ಅವರ ಗೆರೆ ಗಂಟೆಗೆ ಮೂವತ್ತೆರಡು, ಮೂವತ್ಮೂರು ಕಿಲೋಮೀಟರಿನ ಮೇಲೆ ಹಾಸಿದ ಚಾಪೆಯಂತೆ ಮಲಗಿತ್ತು. ನನ್ನದು ಗರಗಸದ ಹಲ್ಲು. ಪ್ರತಿ ಸ್ಪೀಡ್ ಬ್ರೇಕರಿನ ನಂತರ, ಪ್ರತಿ ತಿರುವಿನ ನಂತರ ನನ್ನ ವೇಗ ನಲವತ್ತಕ್ಕೆ ಹಾರಿ ಬೀಳುತ್ತಿತ್ತು. ಸಾಲಿನ ಮುಂದಿರುವವನು ಬ್ರೇಕರು ದಾಟಿ ನಿಧಾನಕ್ಕೆ ವೇಗ ಏರಿಸುತ್ತಾನೆ. ಆ ಹೊತ್ತಿಗೆ ಹಿಂದಿನವರು ಇನ್ನೂ ಬ್ರೇಕರಿನ ಈಚೆ ಇರುತ್ತಾರೆ. ಹಿಂದೆ ಹಿಂದೆ ಹೋದಷ್ಟೂ ಬಿಟ್ಟುಹೋದ ಅಂತರ ತುಂಬಲು ಹೆಚ್ಚು ಜೋರಾಗಿ ಓಡಬೇಕು. ಕಟ್ಟಕಡೆಯವರು ಜೀವ ಬಿಟ್ಟು ಓಡಬೇಕು. ಅದು ಸಾಲದೆಂಬಂತೆ, ಎಳೆದು ಬಂದ ಪ್ರತಿಯೊಬ್ಬರಿಗೂ ನಾನು ನನ್ನ ಮುಂದೆ ಜಾಗ ಮಾಡಿಕೊಡುತ್ತಿದ್ದೆ. ಜಾಗ ಮಾಡುವುದೆಂದರೆ ಗಾಳಿಯ ಮರೆಯನ್ನು ಬಿಟ್ಟು ಹಿಂದೆ ಸರಿಯುವುದು.

ಅಂದರೆ ಆರಾಮಾಗಿರಿ ಎಂದು ಅವರು ಕೊಟ್ಟ ಜಾಗವೇ ಇಡೀ ಸಾಲಿನಲ್ಲಿ ಅತಿ ಕಷ್ಟದ ಜಾಗ. ಎರಡು ದಶಕಕ್ಕೂ ಹೆಚ್ಚು ಕಾಲ ಗಾಳಿಯ ಪ್ರತಿರೋಧದ ಪಾಠ ಮಾಡಿದವಳು ನಾನು. ನನ್ನ ಮೇಲೆ ನನಗೇ ಎಷ್ಟು ಸಿಟ್ಟು ಬಂತೆಂದರೆ ಅವತ್ತು ಮಕ್ಕಳಿಗೆ ಕಾರಣವಿಲ್ಲದೆ ಟೆಸ್ಟ್ ಕೊಟ್ಟೆ.

ಅದೇ ವಾರ ಕ್ಯಾಪ್ಟನ್ ಗುಂಪಿಗೆ ಹೊಸ ನಿಯಮ ಹಾಕಿದ. ಸುಮ್ಮನೆ ಬೆನ್ನ ಮರೆಯಲ್ಲಿ ಕೂತು ಬರುವವರು ಹೆಚ್ಚಾಗಿದ್ದರು. ಇನ್ನು ಮೇಲೆ ಹೋಗುವಾಗ ಒಂದು ಸಲ, ಬರುವಾಗ ಒಂದು ಸಲ, ಮುಂದೆ ನಿಂತು ಎಳೆದವರಿಗೆ ಮಾತ್ರ ವೇಗದ ಗುಂಪಿನಲ್ಲಿ ಜಾಗ. ಎಳೆಯಲಾರದವರು ನಿಧಾನದ ಗುಂಪಿಗೆ ಹೋಗಬೇಕು. ಆಷಾಢ ಮುಗಿಯುವವರೆಗೆ ಗಡುವು. ನಿಯಮ ಸರಿಯಾಗಿತ್ತು. ಎಲ್ಲರೆದುರು ಓದಿ ಹೇಳಿದ ಮೇಲೆ ನನ್ನ ಹತ್ತಿರ ಬಂದು ದನಿ ತಗ್ಗಿಸಿದ.

"ಇದು ನಿಮಗಲ್ಲ ಬಿಡ್ರಿ ಆಂಟಿ. ನೀವು ಎಂದಿನಂಗ ಹಿಂದ ಇರ್ರಿ."

"ಯಾಕ? ನಾ ಗುಂಪಿನ್ಯಾಗ ಇಲ್ಲೇನು?"

"ಹಂಗಲ್ರಿ. ನಿಮಗ ನಮ್ಮವ್ವನ ವಯಸ್ಸು. ಮುಂದ ಬಂದು ಎಳಿಯಾಕ ಹೋಗಿ ಏನರ ಹೆಚ್ಚುಕಮ್ಮಿ ಆದ್ರ ನಿಮ್ಮ ಮನಿಯವರಿಗೆ ನಾ ಏನ್ ಹೇಳ್ಲಿ?"

"ಹಂಗಾದ್ರ ನಿಮ್ಮವ್ವನ್ನ ಕರಕೊಂಡು ಬಾ ತಮ್ಮಾ. ಆಕಿನ್ನ ಹಿಂದ ಹಚ್ಚು. ನಾ ಮುಂದ ಹೋಗ್ತೀನಿ."

ಅವನ ಮುಖ ಸಣ್ಣದಾಯಿತು. ಒಳ್ಳೆಯ ಹುಡುಗ, ನಿಜವಾಗಿಯೂ ಹೆದರಿದ್ದ. ಆದರೆ ಅವನ ಹೆದರಿಕೆಯ ಭಾರ ನಾನು ಯಾಕೆ ಹೊರಬೇಕು? ಅಲ್ಲೇ ಹೇಳಿದೆ, ನಿಯಮ ಎಲ್ಲರಿಗೂ ಒಂದೇ. ಆಷಾಢ ಮುಗಿಯುವುದರೊಳಗೆ ಹೋಗುವಾಗ ಒಂದು ಸಲ, ಬರುವಾಗ ಒಂದು ಸಲ ನಾನು ಎಳೆಯದಿದ್ದರೆ ನೀನು ಹೇಳುವುದು ಬೇಡ, ನಾನೇ ಬಿಟ್ಟುಹೋಗುತ್ತೇನೆ. ಇನ್ನೊಂದು, ನಾನು ಹಿಂದೆ ಬಿದ್ದರೆ ನನಗಾಗಿ ನಿಲ್ಲಬೇಡಿ. ಮತ್ತೊಂದು, ಆಂಟಿ ಅನ್ನಬೇಡ.

ಮುಂದಿನ ಭಾನುವಾರ ಆಖ್ರಿ ಹುದ್ದೆಗೆ ರಾಜೀನಾಮೆ ಕೊಟ್ಟು ಸಾಲಿನ ನಡುವೆ, ಡಾಕ್ಟರ ಹಿಂದೆ ನುಗ್ಗಿದೆ. ಹಿಂದಿನವನೊಬ್ಬ "ಆಂಟೀ, ವೆನಕ, ವೆನಕ" ಎಂದು ಹಿಂದಿನ ಜಾಗ ತೋರಿಸಿದ. ಕೇಳಿಸದವಳಂತೆ ಇದ್ದೆ.

ಹಟವೇನೋ ಹಿಡಿದೆ, ಕಾಲು ಹಟ ಕೇಳಬೇಕಲ್ಲ. ವಾರದ ನಡುವೆ ಎರಡು ದಿನ ಕೂಕಟ್‌ಪಲ್ಲಿಯ ಗಲ್ಲಿಗಳಲ್ಲಿ ಹಾಲಿನವನ ಜೊತೆ ಹರಟುವಷ್ಟು ನಿಧಾನವಾಗಿ ಓಡಿಸುತ್ತಿದ್ದೆ. ಉಳಿಸಿಕೊಂಡದ್ದನ್ನೆಲ್ಲ ಭಾನುವಾರ ಸುಡುತ್ತಿದ್ದೆ. ಮೊದಲು ನಾನು ವಾಪಸು ಬರಬೇಕಲ್ಲ ಎಂದು ಸ್ವಲ್ಪ ಸ್ವಲ್ಪವೇ ಖರ್ಚು ಮಾಡುತ್ತಿದ್ದೆ. ಈಗ ಒಂದೇ ಲೆಕ್ಕ: ಮುಂದಿನ ಚಕ್ರ ಕಣ್ಣೆದುರು ಇರುವಷ್ಟು ಹೊತ್ತು ಅದನ್ನು ಬಿಡುವುದಿಲ್ಲ. ಬಿಟ್ಟುಹೋದ ಮೇಲೆ ಸತ್ತವಳಂತೆ ಮನೆಗೆ ಬಂದರೂ ಸರಿ. ಮೊದಲ ವಾರ ಎರಡನೇ ಜಂಕ್ಷನ್ನಿನವರೆಗೆ ಉಳಿದೆ. ಮೂರನೇ ವಾರ ವಿಮಾನ ನಿಲ್ದಾಣದ ಬೋರ್ಡು ಕಾಣುವವರೆಗೆ. ನಡುವೆ ಒಂದು ವಾರ ಹೊಟ್ಟೆ ತೊಳಸಿ ರಸ್ತೆ ಬದಿಯಲ್ಲಿ ವಾಂತಿ ಮಾಡಿಕೊಂಡೆ. ಯಾರೂ ನೋಡಲಿಲ್ಲವೆಂದು ಸಮಾಧಾನಪಟ್ಟು ಬಾಯಿ ಮುಕ್ಕಳಿಸಿ ಮತ್ತೆ ಹತ್ತಿದೆ.

ನಿಲ್ಲಬೇಡಿ ಎಂದರೂ ಅವರು ನಿಲ್ಲುತ್ತಿದ್ದರು. ಒಳ್ಳೆಯತನವೂ ಒಂದು ಚಟ. ಒಂದು ವಾರ ಹಾಗೇ ಜಂಕ್ಷನ್ನಿನಲ್ಲಿ ಕಾಲೂರಿ, ಬಾಳೆಹಣ್ಣು ಸುಲಿಯುತ್ತ ನಿಂತಿದ್ದರು. ನಾನು ಬಂದೆ, ಬ್ರೇಕು ಮುಟ್ಟಲಿಲ್ಲ. ಅವರೆಲ್ಲರ ಮುಂದಿನಿಂದ, ಮುಖ ನೋಡದೆ, ನೇರ ಹಾದುಹೋದೆ. "ನಿಂತವ್ರು ನಿಲ್ರಿ!" ಎಂದು ಕೂಗಿದ್ದು ಎಷ್ಟು ಜನಕ್ಕೆ ಅರ್ಥವಾಯಿತೋ ಗೊತ್ತಿಲ್ಲ. ಹಿಂದೆ ಗಡಿಬಿಡಿ ಕೇಳಿಸಿತು. ಒಬ್ಬನ ಬಾಯಲ್ಲಿ ಹಣ್ಣು, ಇನ್ನೊಬ್ಬನ ಒಂದೇ ಕಾಲು ಪೆಡಲಿನಲ್ಲಿ. ಎರಡು ನಿಮಿಷ, ಹೆಚ್ಚೆಂದರೆ ಮೂರು, ಇಡೀ ವೇಗದ ಗುಂಪು ನನ್ನನ್ನು ಹಿಡಿಯಲು ಓಡಿತು. ಆಮೇಲೆ ಹಿಡಿದರು, ದಾಟಿದರು, ಮಾಯವಾದರು. ಆದರೆ ಆ ಎರಡು ನಿಮಿಷ ನಾನು ಗಟ್ಟಿಯಾಗಿ ನಗುತ್ತಿದ್ದೆ. ಖಾಲಿ ರಸ್ತೆಯಲ್ಲಿ ಒಬ್ಬಳೇ ನಗುವ ಹೆಂಗಸನ್ನು ನೋಡಿ ಹಾಲಿನ ವ್ಯಾನಿನವನು ಹಾರ್ನ್ ಹೊಡೆದ.

ಮೊದಲ ಸಲ ಎಳೆಯುವ ಸರದಿ ಬಂದದ್ದು ಆಷಾಢದ ಎರಡನೇ ವಾರ. ಡಾಕ್ಟರು ಪಕ್ಕಕ್ಕೆ ಸರಿದರು. ನನ್ನ ಮುಂದೆ ಇನ್ನು ಯಾರ ಬೆನ್ನೂ ಇಲ್ಲ, ಬರೀ ರಸ್ತೆ. ಆಗ ನಾನು ಮಾಡಿದ್ದು ಮುಂದೆ ಬಂದ ಹೊಸಬರೆಲ್ಲ ಮಾಡುವ ತಪ್ಪು. ಸಾಲಿನ ವೇಗ ಎಷ್ಟಿದೆಯೋ ಅಷ್ಟನ್ನೇ ಕಾಯ್ದುಕೊಂಡು ಹೋಗಬೇಕಾದವಳು ಪೌರುಷ ತೋರಿಸಲು ಹೋದೆ. ಮೀಟರಿನಲ್ಲಿ ಮೂವತ್ತೇಳು ಕಂಡಿತು. ಹಿಂದೆ ಸಾಲು ಎರಡು ತುಂಡಾಯಿತು, ಯಾರೋ ಬೈದರು. ಅರ್ಧ ನಿಮಿಷದಲ್ಲಿ ನನ್ನ ತೊಡೆಗಳು ಕಲ್ಲಾದವು. ಪಕ್ಕಕ್ಕೆ ಸರಿದೆ. ಇಡೀ ಸಾಲು ನನ್ನನ್ನು ದಾಟಿಹೋಯಿತು. ಬಾಲ ಹಿಡಿಯುವ ಶಕ್ತಿಯೂ ಉಳಿದಿರಲಿಲ್ಲ.

ಬಂಡಿಯ ಹತ್ತಿರ ಕ್ಯಾಪ್ಟನ್ ಎದ್ದು ಬಂದ. "ಭಾಳ ಛಲೋ ಮಾಡಿದ್ರಿ ಅಕ್ಕಾರ," ಎಂದ. ಆಂಟಿ ಹೋಗಿ ಅಕ್ಕ ಆಗಿದ್ದೆ, ಅಷ್ಟರ ಮಟ್ಟಿಗೆ ಬಡ್ತಿ. ಆದರೆ ಹಿಂದಿನ ವಾರ ಇದೇ ತಪ್ಪು ಮಾಡಿದ ಒಬ್ಬ ತರುಣನನ್ನು ಇದೇ ಬಂಡಿಯ ಮುಂದೆ ಅವನು ಕಿವಿ ಹರಿಯುವಂತೆ ಬೈದದ್ದನ್ನು ನಾನು ನೋಡಿದ್ದೆ. ಸಾಲು ಒಡೆದೆ, ನಿನಗೆ ಬುದ್ಧಿ ಇದೆಯಾ, ಜನ ಬಿದ್ದಿದ್ದರೆ ಏನು ಗತಿ ಎಂದು, ಹಿಂದಿಯಲ್ಲಿ. ಅವನಿಗೆ ಬೈಗುಳ, ನನಗೆ ಶಾಬಾಸ್‌ಗಿರಿ. ನಾನು ಉಪಾಧ್ಯಾಯಿನಿ, ಇದರ ಅರ್ಥ ನನಗೆ ಚೆನ್ನಾಗಿ ಗೊತ್ತು. ಪಾಸಾಗುತ್ತಾನೆ ಅನಿಸಿದ ಹುಡುಗನ ಉತ್ತರಪತ್ರಿಕೆಯಲ್ಲಿ ನಾನೂ ಕೆಂಪು ಶಾಯಿ ಸುರಿಯುತ್ತೇನೆ. ಆಸೆ ಬಿಟ್ಟವನ ಪತ್ರಿಕೆಯ ಮೇಲೆ "ಉತ್ತಮ ಪ್ರಯತ್ನ" ಎಂದು ಬರೆದು ಮುಂದಿನದನ್ನು ಎತ್ತಿಕೊಳ್ಳುತ್ತೇನೆ. ಇಡ್ಲಿಯನ್ನು ಅರ್ಧಕ್ಕೇ ಬಿಟ್ಟು ಸೈಕಲ್ ಹತ್ತಿದೆ. ಅವತ್ತು ದಾರಿಯುದ್ದಕ್ಕೂ ಕಣ್ಣಲ್ಲಿ ನೀರು ಬರುತ್ತಿತ್ತು. ದೂಳು ಎಂದು ಸುಳ್ಳು ಹೇಳುವುದಿಲ್ಲ, ಅವಮಾನವಾಗಿತ್ತು.

ಮನೆಯಲ್ಲಿ ನಮ್ಮತ್ತೆ ಬಾಗಿಲಿಗೇ ಕಾದಿದ್ದರು. ನನ್ನ ಕೆಂಪಾದ ಮುಖ ನೋಡಿಯೂ ನೋಡದವರಂತೆ ಶುರುಮಾಡಿದರು.

"ಕೆಳಗಿನ ಮನಿಯಾಕಿ ಕೇಳಾಕತ್ತಿದ್ಲು, ನಿಮ್ಮ ಸೊಸಿ ಈ ವಯಸ್ಸಿನ್ಯಾಗ ಚಡ್ಡಿ ಹಾಕ್ಕೊಂಡು ಮುಂಜಾನೆ ಮುಂಜಾನೆ ಎಲ್ಲಿ ಹೋಗ್ತಾಳಂತ."

"ನೀವೇನಂದ್ರಿ?"

"ಪೊಲೀಸ್ ನೌಕರಿ ಪರೀಕ್ಷಾಕ್ಕ ತಯಾರಿ ನಡಸ್ಯಾಳ ಅಂದೆ. ಮತ್ತ ಬಾಯಿ ತಗೀಲಿಲ್ಲ ಆಕಿ."

ಅವರಿಗೆ ಎಂಬತ್ತು. ನನ್ನ ಸೈಕಲ್ ಹುಚ್ಚು ಅವರಿಗೂ ಹಿಡಿಸುತ್ತಿರಲಿಲ್ಲ. ಆದರೆ ತಾವು ಬೈಯುವ ಸೊಸೆಯನ್ನು ಬೇರೆಯವರು ಆಡಿಕೊಳ್ಳುವುದು ಇನ್ನೂ ಹಿಡಿಸುತ್ತಿರಲಿಲ್ಲ. ಬಾಗಿಲಲ್ಲೇ ಕೂತು ಶೂ ಬಿಚ್ಚುತ್ತ ನಡೆದದ್ದನ್ನು ಹೇಳಿದೆ. ಯಾವುದು ಸಾಲು, ಯಾವುದು ಎಳೆತ ಎಂದು ಅವರಿಗೆ ಎಷ್ಟು ತಿಳಿಯಿತೋ.

"ಛಲೋ ಮಾಡಿದಿ ಅಂದ್ರೂ ಅಳ್ತಿ?" ಎಂದರು.

"ಛಲೋ ಮಾಡಿರಲಿಲ್ಲರಿ ಅತ್ತೀ. ಅದಕ್ಕ."

"ಹಂಗಾದ್ರ ಛಲೋ ಮಾಡು," ಎಂದು ಒಳಗೆ ಹೋದರು.

ಆಷಾಢದ ಕಡೆಯ ಭಾನುವಾರ ಗಾಳಿ ಹುಚ್ಚೆದ್ದಿತ್ತು. ಮಳೆಯಿಲ್ಲ, ಬರೀ ಮೋಡ, ಬರೀ ಗಾಳಿ. ನಾರ್ಸಿಂಗಿಯಲ್ಲಿ ಚಹಾದ ಪೇಪರ್ ಲೋಟಗಳು ರಸ್ತೆಯ ಮೇಲೆ ಉರುಳಾಡುತ್ತಿದ್ದವು. ಬೋನಾಲು ಹಬ್ಬವೆಂದು ಐದಾರು ಮಂದಿ ಬಂದಿರಲಿಲ್ಲ. ನಾವು ಎಂಟು ಜನ. ಎಂಟೇ ಜನವೆಂದರೆ ಸರದಿ ಬೇಗ ಬೇಗ ಬರುತ್ತದೆ. ಕ್ಯಾಪ್ಟನ್ ನನ್ನ ಕಡೆ ನೋಡಿ ಏನೋ ಹೇಳಲು ಬಾಯಿ ತೆರೆದ. ನಾನು ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಂಡು ಬೇರೆ ಕಡೆ ತಿರುಗಿದೆ.

ಹೋಗುವಾಗ ಗಾಳಿ ಹಿಂದಿನಿಂದ ತಳ್ಳುತ್ತಿತ್ತು. ನನ್ನ ಸರದಿ ಬಂದಾಗ ಈ ಸಲ ಮೀಟರು ನೋಡಲೇ ಇಲ್ಲ. ಡಾಕ್ಟರ ಬೆನ್ನ ಹಿಂದೆ ಕಾಲು ಯಾವ ಲಯದಲ್ಲಿ ತಿರುಗುತ್ತಿತ್ತೋ ಅದೇ ಲಯ ಹಿಡಿದೆ. ಮನಸ್ಸಿನಲ್ಲೇ ಹಾಜರಿ ಕರೆಯುತ್ತ ಹೋದೆ, ಒಂದು ಸುತ್ತಿಗೆ ಒಂದು ನಂಬರು. ಅರವತ್ತಕ್ಕೆ ಒಂದು ತರಗತಿ. ಎರಡು ತರಗತಿ ಮುಗಿಸಿ, ಬಲಕ್ಕೆ ಸರಿದು, ಬಾಲಕ್ಕೆ ಬಂದು ಸೇರಿಕೊಂಡೆ. ಸಾಲು ಒಡೆಯಲಿಲ್ಲ. ಯಾರೂ ಏನೂ ಅನ್ನಲಿಲ್ಲ. ಅರ್ಧ ಕೆಲಸ ಮುಗಿದಿತ್ತು.

ಶಂಶಾಬಾದಿನಲ್ಲಿ ಚಕ್ರ ತಿರುಗಿಸಿದ ಕೂಡಲೇ ಗಾಳಿ ಎದುರಿನಿಂದ, ಸ್ವಲ್ಪ ಎಡಗಡೆಯಿಂದ, ಮುಖಕ್ಕೆ ಬಾರಿಸಿತು. ಮೂವತ್ನಾಲ್ಕರಲ್ಲಿ ಬಂದವರು ಇಪ್ಪತ್ತಾರಕ್ಕೆ ಇಳಿದೆವು. ಎಲ್ಲರ ತಲೆಗಳೂ ಹ್ಯಾಂಡಲಿಗೆ ಬಗ್ಗಿದವು. ಗಟ್ಟಿಗರು ಕೂಡ ಒಂದೊಂದು ನಿಮಿಷಕ್ಕೇ ಪಕ್ಕಕ್ಕೆ ಸರಿಯತೊಡಗಿದರು. ಒಬ್ಬನಂತೂ ಸರದಿ ಬಂದಾಗ ಮುಂದೆ ಬಂದ ಹಾಗೆ ಮಾಡಿ ತಕ್ಷಣ ಸರಿದುಬಿಟ್ಟ. ನನ್ನ ಸರದಿ ಹತ್ತಿರ ಬರುತ್ತಿದ್ದ ಹಾಗೆ ಒಳಗಿನಿಂದ ಒಂದು ಸಣ್ಣ ದನಿ ಎದ್ದಿತು. ನೀನೂ ಹಾಗೇ ಮಾಡು, ಅದೂ ಲೆಕ್ಕಕ್ಕೆ ಬರುತ್ತದೆ, ಯಾರು ಕೇಳುತ್ತಾರೆ. ಆ ದನಿಗೆ ಬಾಯಿ ಮುಚ್ಚು ಎಂದೆ.

ಡಾಕ್ಟರು ಸರಿದರು. ಗಾಳಿಯ ಗೋಡೆ ನನ್ನ ಮೇಲೆ ಬಿತ್ತು. ಹಾಜರಿ ಶುರುಮಾಡಿದೆ. ಇಪ್ಪತ್ತಕ್ಕೆ ಎದೆ ಉರಿಯಿತು. ನಲವತ್ತಕ್ಕೆ ಕಿವಿಯಲ್ಲಿ ನನ್ನ ಉಸಿರು ಬಿಟ್ಟು ಬೇರೇನೂ ಕೇಳಿಸುತ್ತಿರಲಿಲ್ಲ. ಅರವತ್ತಕ್ಕೆ ಮೊದಲ ತರಗತಿ ಮುಗಿಯಿತು. ಹಿಂದಿನಿಂದ ಯಾರೋ ಪಕ್ಕಕ್ಕೆ ಬಂದು "ಬಸ್ ಮೇಡಂ, ಹಮ್ ಲೇತೆ" ಎಂದರು, ಸಾಕು, ನಾವು ಎಳೆಯುತ್ತೇವೆ ಎಂದು. ತಲೆ ಅಲ್ಲಾಡಿಸಿದೆ. ನನ್ನ ಸರದಿ ಮುಗಿಯಿತೆಂದು ಹೇಳಬೇಕಾದವಳು ನಾನು. ಎಪ್ಪತ್ತು, ತೊಂಬತ್ತು. ತುಟಿ ಕಚ್ಚಿ ಉಪ್ಪು ರುಚಿ ಬಂತು. ನೂರ ಇಪ್ಪತ್ತಕ್ಕೆ ಬಲಕ್ಕೆ ಸರಿದೆ.

ಸಾಲು ನನ್ನನ್ನು ದಾಟುವಾಗ ಏನೋ ಎಡವಟ್ಟಾಯಿತು, ಒಂದಿಬ್ಬರು ಅಲ್ಲಾಡಿದರು, ಅಂತರ ಬಿಟ್ಟಿತು. ಏನೆಂದು ನೋಡುವ ಸ್ಥಿತಿಯಲ್ಲಿ ನಾನಿರಲಿಲ್ಲ. ಹೇಗೋ ಬಾಲ ಹಿಡಿದೆ. ಮುಂದೆ ಒಂದು ಸ್ಪೀಡ್ ಬ್ರೇಕರು. ಅದರಾಚೆ ಅವರು ವೇಗ ಏರಿಸಿದರು, ನನ್ನ ಕಾಲು ಮಾತ್ರ ಆಗುವುದಿಲ್ಲ ಎಂದಿತು. ಒಂದು ಗೇಣು, ಒಂದು ಮಾರು, ಹತ್ತು ಮಾರು. ಬಣ್ಣ ಬಣ್ಣದ ಬೆನ್ನುಗಳು ಚಿಕ್ಕದಾಗುತ್ತ ಹೋದವು.

ಜಂಕ್ಷನ್ ಬಂತು. ಅಲ್ಲಿ ಯಾರೂ ಇರಲಿಲ್ಲ.

ನಿಧಾನ ಮಾಡಿ ಆಚೆ ಈಚೆ ನೋಡಿದೆ. ಚೆಕ್‌ಪೋಸ್ಟಿನ ನೆರಳಿನಲ್ಲಿ ನಿಂತಿರಬಹುದೇ, ತಿರುವಿನಾಚೆ ಇರಬಹುದೇ. ಇಲ್ಲ. ಹೊರಟುಹೋಗಿದ್ದರು. ನಾರ್ಸಿಂಗಿ ಇನ್ನೂ ಒಂಬತ್ತು ಕಿಲೋಮೀಟರ್ ಇತ್ತು, ಎದುರಿಗೆ ಅದೇ ಗಾಳಿ, ನಾನೊಬ್ಬಳೇ. ನಿಜ ಹೇಳಬೇಕೆಂದರೆ ಮೊದಲು ಅನ್ನಿಸಿದ್ದು ಭಯ. ಎರಡನೆಯದು ಸಿಟ್ಟು, ಐವತ್ತೊಂದು ವರ್ಷದವಳನ್ನು ನಡುರಸ್ತೆಯಲ್ಲಿ ಬಿಟ್ಟುಹೋದರಲ್ಲ ಎಂದು. ಮೂರನೆಯದು ಅನ್ನಿಸುವ ಹೊತ್ತಿಗೆ ನಾನು ಪೆಡಲಿನ ಮೇಲೆ ಎದ್ದು ನಿಂತಿದ್ದೆ. ಒಂಬತ್ತು ಕಿಲೋಮೀಟರೂ ಗಾಳಿಗೆ ನನಗೆ ಗೊತ್ತಿರುವ ಮೂರೂ ಭಾಷೆಗಳಲ್ಲಿ ಬೈದುಕೊಂಡು ತುಳಿದೆ.

ಬಂಡಿಯ ಮುಂದೆ ಏಳೂ ಮಂದಿ ಇದ್ದರು, ತಿಂದು ಮುಗಿಸುವ ಹಂತದಲ್ಲಿದ್ದರು. ನನಗೆಂದು ತಟ್ಟೆ ಎತ್ತಿಟ್ಟಿರಲಿಲ್ಲ. ಸೈಕಲ್ಲನ್ನು ಗೋಡೆಗೆ ಒರಗಿಸುವುದರೊಳಗೆ ಕ್ಯಾಪ್ಟನ್ ಚಟ್ನಿಯ ಕೈಯಲ್ಲೇ ಎದ್ದು ಬಂದ. ಮುಖ ಕೆಂಪಗಿತ್ತು.

"ವಾಪಸ್ ಬರೋವಾಗ ಗಾಳಿ ಯಾ ಕಡಿಂದ ಬರಾಕತ್ತಿತ್ತು?"

"ಎಡಗಡಿಂದ," ಎಂದೆ.

"ಮತ್ತ ಬಲಕ್ಕ ಯಾಕ ಸರದ್ರಿ? ಗಾಳಿ ಬರೋ ಕಡೆ ಸರಿಬೇಕು. ನೀವು ಎಡಕ್ಕ ಸರದಿದ್ರ ದಾಟಿ ಹೋಗೋ ಮಂದಿಗೆ ನಿಮ್ಮ ಮರೆ ಸಿಗ್ತಿತ್ತು. ಬಲಕ್ಕ ಸರದು ಎಲ್ಲಾರನ್ನೂ ಗಾಳಿಗೆ ಒಡ್ಡಿದ್ರಿ. ಸಾಲು ಒಡೀತು. ಡಾಕ್ಟರ್ ಬೀಳೋದು ಸ್ವಲ್ಪದಾಗ ತಪ್ಪೇತಿ. ಫಿಜಿಕ್ಸ್ ಕಲಸ್ತೀರಂತ, ಇಷ್ಟು ತಿಳಿಯಂಗಿಲ್ಲೇನ್ರಿ?"

ಡಾಕ್ಟರು ತಟ್ಟೆ ನೋಡುತ್ತ ಕೂತರು. ಕನ್ನಡ ಬಾರದವರಿಗೂ ಬೈಗುಳ ತಿಳಿಯುತ್ತದೆ. ಇಷ್ಟು ಜನರೆದುರು ನನಗೆ ಹೀಗೆ ಯಾರಾದರೂ ಬೈದು ಮೂವತ್ತು ವರ್ಷವಾಗಿರಬೇಕು. ಕಿವಿ ಬಿಸಿಯಾಯಿತು. ಅವನು ಹೇಳಿದ್ದು ಒಂದೊಂದು ಮಾತೂ ಸರಿ. ತಪ್ಪು ನನ್ನದು, ಪೂರ್ತಿ ನನ್ನದು. ಅಳು ಬಂತು, ಅದರ ಹಿಂದೆಯೇ ನಗು ಬಂತು. ಎರಡನ್ನೂ ನುಂಗಿಕೊಂಡೆ.

"ತಿಳೀತು," ಎಂದೆ. "ಮುಂದಿನ ವಾರ ಎಡಕ್ಕ ಸರೀತೀನಿ."

"ಸರೀರಿ. ಮತ್ತ ಡಾಕ್ಟರ ಹಿಂದ ಬ್ಯಾಡ. ನನ್ನ ಹಿಂದ ಬರ್ರಿ, ಮುಂದಿನ ವಾರದಿಂದ ನನ್ನ ನಂತರ ನಿಮ್ಮ ಸರದಿ."

"ನಿನ್ನ ಹಿಂದ ಅಂದ್ರ ಒಂದು ನಿಮಿಷಕ್ಕ ಸರದು ಓಡಿಹೋಗೂ ಹಂಗಿಲ್ಲ ನೋಡು ತಮ್ಮಾ," ಎಂದೆ. "ಇವತ್ತು ಹೋಗಿದ್ದಿ. ನಾ ನೋಡೀನಿ."